ನಾನೂರ ಹನ್ನೆರಡು ಊಟದ ಗಂಟು

ಚೂರಿಯ ತುದಿ ನನ್ನ ಗಂಟಲಿಗೆ ತಾಗಿತ್ತು. ನನಗೋ, ನಗು ಬರುತ್ತಿತ್ತು...

ಬೋಗಾದಿ. ಮಟಮಟ ಮಧ್ಯಾಹ್ನ. ಪ್ರೇಮಮ್ಮನ ಮೆಸ್ಸಿನ ಅಡುಗೆಮನೆ. ನಾನು ಅಶೋಕ, ಊಟಕ್ಕೆ ಬಂದವನು; ಕೈತಪ್ಪಿದ ದುಡ್ಡು ವಾಪಸ್ ತರುವುದು ನನ್ನ ಕಸುಬು. ಚೂರಿ ಹಿಡಿದವನು ಯೋಗೇಂದ್ರ, ಶ್ರೀರಾಂಪುರದ ಸೈಟ್ ಬ್ರೋಕರ್.

"ಪಿನ್ ಒತ್ತು ಪ್ರೇಮಮ್ಮ. ಇಲ್ದಿದ್ರೆ ಇವನ ಕತ್ತು ಹೋಯ್ತದೆ."

ಆಕೆ ಒತ್ತಿದರು. ಫೋನಿನಲ್ಲಿ ಹನ್ನೆರಡು ಲಕ್ಷದ ಬಿಟ್‌ಕಾಯಿನ್. ಎಂಟು ವರ್ಷದ ಹಿಂದೆ ಕಾಲೇಜು ಹುಡುಗರು ಒಂದೊಂದು ಊಟಕ್ಕೂ ಚೂರುಚೂರು ಕಳಿಸಿದ್ದು. ಬಾಡಿಗೆಯ ಮೆಸ್ಸನ್ನು ಸ್ವಂತ ಮಾಡಿಕೊಳ್ಳಲು ಆಕೆಗಿದ್ದ ಗಂಟು ಇದೊಂದೇ.

ಯೋಗೇಂದ್ರ ತನ್ನ ವಾಲೆಟ್ಟಿನ ಅಡ್ರೆಸ್ ಹಾಕಿದ. ಮುಖ ಗಂಟಿಕ್ಕಿತು.

"ಕಳ್ಸೋಕೆ ಫೀಸು ಐವತ್ತು ಸಾವಿರಾನಾ? ಸೈಟಿಗೇ ಎರಡು ಪರ್ಸೆಂಟ್ ಕಣೋ. ಇದು ನಾಲ್ಕು ದಾಟ್ತದೆ!"

"ಕಡಿಮೆ ಮಾಡ್ಕೊಳ್ಳಿ ಸಾರ್," ಎಂದೆ, ಬಲು ವಿನಯದಿಂದ.

ಐದು ಸಾವಿರಕ್ಕೆ ಇಳಿಸಿದ. ಒತ್ತಿದ. ಆಕೆಯ ಫೋನನ್ನೂ ಕಿಸೆಗೆ ಹಾಕಿಕೊಂಡು ಹೊರಟೇಹೋದ.

ಪ್ರೇಮಮ್ಮ ಅಳತೊಡಗಿದರು. "ಎಲ್ಲಾ ಹೋಯ್ತಲ್ಲಪ್ಪ."

"ಹೋಗಿಲ್ಲ ಕಣಮ್ಮ, ಸಾಲಲ್ಲಿ ನಿಂತದೆ. ಬಿಟ್‌ಕಾಯಿನ್ ಲೆಕ್ಕ ಬರ್ಕೊಳ್ಳೋ ಬ್ಲಾಕ್ ಅಂದ್ರೆ ಬಸ್ಸು, ಹತ್ತು ನಿಮಿಷಕ್ಕೊಂದು. ಫೀಸೇ ಟಿಕೆಟ್ಟು; ಅದು ದುಡ್ಡಿನ ಮೊತ್ತಕ್ಕಲ್ಲ, ದುಡ್ಡು ಹಿಡಿಯೋ ಜಾಗಕ್ಕೆ. ನಿಮ್ದು ನಾನೂರ ಹನ್ನೆರಡು ಊಟದ ಚೂರು. ನಾನೂರ ಹನ್ನೆರಡು ಸೀಟು ಬೇಕು. ಐದು ಸಾವಿರಕ್ಕೆ ಯಾವ ಬಸ್ಸು ಹತ್ತಿಸ್ಕೊಳ್ತದೆ? ಅಷ್ಟರಲ್ಲಿ ನಾವು ಜಾಸ್ತಿ ಕೊಟ್ಟು ಅದೇ ದುಡ್ಡನ್ನ ಬೇರೆ ಕಡೆ ಕಳಿಸ್ಬೋದು. ವಾಲೆಟ್ ತೆಗೆಯೋ ಹನ್ನೆರಡು ಪದ ಎಲ್ಲಿ ಬರ್ದಿಟ್ಟಿದ್ದೀರಿ?"

"ಕುಂಬಾರಕೊಪ್ಪಲಿನ ಮನೇಲಿ. ರಂಗೋಲಿ ಪುಸ್ತಕದಲ್ಲಿ."

ಸ್ಕೂಟರ್ ಅವರೇ ಓಡಿಸಿದರು. ನಾನು ಹಿಂದೆ. ಅಮ್ಮಮ್ಮಾ... ಹಂಪು ಬಂದರೂ ಬ್ರೇಕಿಲ್ಲ!

ಕನ್ನಡಿಯಲ್ಲಿ ಯೋಗೇಂದ್ರನ ಜೀಪು ಕಂಡಿತು. ಐದು ಸಾವಿರ ಸಾಲದೆಂದು ಅವನಿಗೂ ಯಾರೋ ಬುದ್ಧಿ ಹೇಳಿರಬೇಕು. ಫೀಸು ಏರಿಸಲು ಅವನಿಗೆ ಮತ್ತೆ ಪಿನ್ ಬೇಕಿತ್ತು.

"ಹಿಂದೆ ಬಂದ್ಬುಟ್ಟ ಪ್ರೇಮಮ್ಮ."

"ಬರ್ಲಿ ಬುಡು. ನಮ್ ಗಲ್ಲೀಲಿ ಅವನ ಗಾಡಿ ತೂರಲ್ಲ."

ತೂರಲಿಲ್ಲ. ಇಳಿದು ಓಡಿಬಂದ.

ನಾವು ಒಳಗೆ ಸೇರಿ ಚಿಲಕ ಹಾಕಿದೆವು. ಪ್ರೇಮಮ್ಮ ಒಂದೊಂದೇ ಪದ ಓದಿದರು, ನಾನು ನನ್ನ ಫೋನಿನಲ್ಲಿ ಒತ್ತಿದೆ. ಬಾಗಿಲಿಗೆ ಒದೆ ಬೀಳುತ್ತಿತ್ತು. ಆಕೆಯ ಹೆಸರಿಗೆ ಹೊಸ ವಾಲೆಟ್. ಫೀಸು ಅರವತ್ತು ಸಾವಿರ. ಕಳಿಸಿದೆ.

ಚಿಲಕ ಕಿತ್ತು ಬಂತು... ಚೂರಿ ಮತ್ತೆ ನನ್ನ ಗಂಟಲಿಗೆ.

"ಪಿನ್ ಹೇಳು!"

ಪ್ರೇಮಮ್ಮ ಹೇಳಿದರು. ತಪ್ಪು. ಕಣ್ಣೊರೆಸಿಕೊಂಡು ಇನ್ನೊಂದು ಹೇಳಿದರು. ಅದೂ ತಪ್ಪು. ಮೂರನೆಯದನ್ನು ಅವನು ಒತ್ತುತ್ತಿರುವಾಗ ನನ್ನ ಫೋನು ಟಿಂಗ್ ಎಂದಿತು. ನಾವು ಕಳಿಸಿದ ದುಡ್ಡು ಬ್ಲಾಕಿಗೆ ಹತ್ತಿತ್ತು!

"ಬಸ್ಸು ಹೋಯ್ತು ಸಾರ್," ಎಂದೆ.

ಅವನು ತಿರುಗಿ ನೋಡಿದ. ಬಾಗಿಲಲ್ಲಿ ಪೊರಕೆ ಹಿಡಿದ ಪಕ್ಕದ ಮನೆಯ ಮುದ್ದಮ್ಮ. ಆಕೆಯ ಹಿಂದೆ ಇಡೀ ಬೀದಿ. ಚೂರಿ ತಾನಾಗಿಯೇ ಕೆಳಗಿಳಿಯಿತು.

"ನನ್ನ ಐದು ಸಾವಿರ ಫೀಸಾದ್ರೂ ಕೊಡ್ಸಿ," ಎಂದ ಯೋಗೇಂದ್ರ.

"ಅದೂ ನನ್ ದುಡ್ಡೇ ಕಣೋ," ಎಂದರು ಪ್ರೇಮಮ್ಮ. "ಫೋನ್ ಇಡು. ಚಿಲಕಕ್ಕೆ ಇನ್ನೂರು ರೂಪಾಯಿ ಇಡು."

ಇಷ್ಟು ಜನ ಸುತ್ತ ನಿಂತಿದ್ದಾರೆ, ಕೇಳಿ ಸ್ವಾಮಿ... ಅವನು ನೂರೈವತ್ತು ಅಂದ.