ಹಿಂದಕ್ಕೆ ಪಡೆದ ಕರಡು

ಸತ್ತಿದ್ದು ಒಂದು ಕರಡು. ಹೆಣ ಸಿಕ್ಕಿದ್ದು ಕಲಬುರಗಿಯ ರೋಜಾ ಬಡಾವಣೆಯಲ್ಲಿ, ಇನಾಯತ್‌ನ ಸೈಬರ್ ಕೆಫೆಯ ಕಂಪ್ಯೂಟರ್ ಪರದೆಯ ಮೇಲೆ.

ಅದು 2001. ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಜಯದೇವಿ ಕಮಲಾಪುರದ ತವರಿನಿಂದ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಇಂಟರ್‌ನೆಟ್ಟಿನಲ್ಲಿ ಒಂದು ದಾರಿ ಕಡಿದರೆ ಸಂದೇಶ ಬೇರೆ ದಾರಿ ಹುಡುಕಿಕೊಳ್ಳುವ ನಿಯಮವನ್ನು ವರ್ಷಗಟ್ಟಲೆ ಕೂತು ಬರೆದವಳು. ಆ ಕರಡು ವಿದೇಶದ ಸಮಿತಿಯ ಮುಂದೆ ಕೊನೆಯ ಹಂತದಲ್ಲಿತ್ತು. ಒಪ್ಪಿಗೆ ಸಿಕ್ಕರೆ ಜಗತ್ತಿಗೆಲ್ಲ ಅದೇ ನಿಯಮ.

ಪರದೆಯ ಮೇಲೆ ಸಮಿತಿಯ ಪತ್ರವಿತ್ತು. ‘ನಿಮ್ಮ ಇಚ್ಛೆಯಂತೆ ಕರಡನ್ನು ಕೈಬಿಡಲಾಗಿದೆ. ಇನ್ನು ಉಳಿದಿರುವುದು ಎದುರಾಳಿ ಕರಡು. ಶುಕ್ರವಾರ ಸಂಜೆಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಎಲ್ಲರೂ ಒಪ್ಪಿದಂತೆ.’

“ಪೀರಪ್ಪಣ್ಣ, ನಾ ಹಿಂದಕ್ಕ ತಗೊಂಡಿಲ್ಲ,” ಎಂದಳು. “ನನ್ನ ಅಕೌಂಟಿನಿಂದ ಬ್ಯಾರೆ ಯಾರೋ ಬರದಾರ.”

ದೊಡ್ಡಪ್ಪನ ಮಗ ಪೀರಪ್ಪ ಪತ್ರಿಕೆಯ ಅಪರಾಧ ವರದಿಗಾರ. ಹೆಚ್ಚು ಮಾತಿನವನಲ್ಲ. ಠಾಣೆಗೆ ಹೋಗಿ ಬಂದ. ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಕಳುವಾದ ಮಾಲೇನ್ರೀ?”

* * *

ಮೊದಲ ಸಂಶಯ ಮರೆಪ್ಪನ ಮೇಲೆ. ಅದೇ ಕಾಲೇಜಿನವನು. ಕರಡಿನ ಗಣಿತದಲ್ಲಿ ತಪ್ಪಿದೆ ಎಂದು ಸಮಿತಿಗೆ ಬರೆದವನು.

“ನನ್ನ ಹೆಸರು ಹಾಕೇ ಬರದೀನಲ್ರೀ. ಹಾಡಹಗಲೇ ಬೈದವ ಕದ್ದು ಯಾಕ ಬರೀಲಿ?” ಮರೆಪ್ಪ ಕೆರಳಿದ. “ಆಕಿ ಎದುರು ನಿಂತು ಉತ್ತರ ಕೊಡ್ತಾಳ ಅಂತ ಕಾಯ್ಲಾಕತ್ತಿದ್ದೆ. ಓಡಿ ಹೋದ್ಲಲ್ಲ ಅಂತ ನನಗೇ ಕೆಟ್ಟ ಅನಿಸ್ತು.”

ಆ ಸಿಟ್ಟು ನಟನೆಯದಾಗಿರಲಿಲ್ಲ.

* * *

ಉಳಿದವನು ಇನಾಯತ್. ಜಯದೇವಿ ದಿನಾ ಕೂರುತ್ತಿದ್ದುದು ಅವನ ಕಂಪ್ಯೂಟರಿಗೇ. ಜಯದೇವಿಯ ಹೆಸರಿನಲ್ಲಿ ಸಮಿತಿಗೆ ಹೋದ ಸುಳ್ಳುಪತ್ರದ ಪ್ರತಿಯನ್ನು ಪೀರಪ್ಪ ಅವನ ಮುಂದಿಟ್ಟ.

ಇನಾಯತ್ ಓದಿ ಗೊಳ್ಳೆಂದು ನಕ್ಕ. “ಇಂಗ್ಲಿಷ್ ನೋಡ್ರಿ ಭಾಯ್! ‘ಮರೆಪ್ಪನವರು ಟುಮಾರೊ ತೋರಿಸಿದ ತಪ್ಪು’ ಅಂತ. ನಾಳಿ ತೋರಿಸೋ ತಪ್ಪಿಗಿ ಇವತ್ತೇ ಮಾಫಿ! ನಮ್ಮ ದಾದಾ, ನಮ್ಮಪ್ಪನ ಅಪ್ಪ, ಹಿಂಗೇ ಮಾತಾಡ್ತಿದ್ರು. ಉರ್ದುದಾಗ ‘ಕಲ್’ ಅಂದ್ರ ನಿನ್ನಿನೂ ಹೌದು, ನಾಳಿನೂ ಹೌದು.”

“ನೀನೂ ಉರ್ದು ಮಾತಾಡವನೇ.”

“ಸಾಲಿ ಕಲ್ತಿದ್ದು ಕನ್ನಡದಾಗ್ರೀ. ಮತ್ತ ನಾನೇ ಬರದಿದ್ರ ನಿಮಗ ತೋರಿಸಿ ನಗ್ತಿದ್ನೇನು?”

ಪೀರಪ್ಪ ಪಕ್ಕದಲ್ಲಿದ್ದ ಜಯದೇವಿಯತ್ತ ತಿರುಗಿದ. “ಈ ಅಕೌಂಟ್ ತೆಗೆದುಕೊಟ್ಟವರು ಯಾರು?”

“ಕಾಶಿರಾಯ ಸರ್. ನನಗ ಗಣಿತ ಕಲಿಸಿದವರು. ನಿಜಾಮನ ಕಾಲದಾಗ ಉರ್ದು ಸಾಲಿಗಿ ಹೋದವರು. ಕ್ಲಾಸಿನಾಗ ಇಂಗ್ಲಿಷಿನಾಗ ‘ನಾಳಿ ಏನು ಕಲಿಸಿದೆ?’ ಅಂತ ಕೇಳ್ತಿದ್ರು. ನಾವು ಬೆಂಚಿನ ಕೆಳಗ ಬಗ್ಗಿ ನಗ್…”

ಮಾತು ಅಲ್ಲಿಗೇ ನಿಂತಿತು. ಅವಳು ಪ್ರತಿಯನ್ನು ಎಳೆದುಕೊಂಡು ‘ಟುಮಾರೊ’ ಇದ್ದ ಸಾಲನ್ನು ಮತ್ತೆ ಓದಿದಳು.

* * *

ಪೀರಪ್ಪ ಹೋದಾಗ ಐವಾನ್-ಎ-ಶಾಹಿ ಬಡಾವಣೆಯ ಮನೆಯಲ್ಲಿ ಕಾಶಿರಾಯ ಸರ್ ಒಬ್ಬರೇ ಇದ್ದರು.

“ಸರ್, ಈ ಪತ್ರದಾಗ ತಪ್ಪಿದ್ರ ತಿದ್ದಿಕೊಡ್ರಿ.”

ಮೇಷ್ಟ್ರ ಕೈ ತಾನಾಗಿ ಕೆಂಪು ಪೆನ್ನಿಗೆ ಹೋಯಿತು. ಒಂದು ಅಲ್ಪವಿರಾಮ ಹಾಕಿದರು. “ಮತ್ತೇನೂ ಇಲ್ಲ.”

“ಮರೆಪ್ಪ ತಪ್ಪು ತೋರಿಸಿದ್ದು ಯಾವಾಗ್ರೀ?”

“ಅಲ್ಲೇ ಬರದದಲ್ಲ. ನಿನ್ನಿ.”

“ಅಲ್ಲಿ ಬರದಿದ್ದು ನಾಳಿ ಅಂತ್ರೀ. ಓದಿದವರೆಲ್ಲ ನಕ್ಕರು. ನಿಮ್ಮ ಕಣ್ಣಿಗೊಂದೇ ಅದು ತಪ್ಪು ಅನಿಸಲಿಲ್ಲ. ಆಕಿ ಅಕೌಂಟ್ ತೆಗೆದವರು ನೀವು, ಪಾಸ್‌ವರ್ಡೂ ನಿಮಗ ಗೊತ್ತದ.”

ಸರ್ ಹಾಳೆಯನ್ನು ಮತ್ತೊಮ್ಮೆ ಓದಿದರು. ಪೆನ್ನಿಗೆ ಮುಚ್ಚಳ ಹಾಕಿದರು.

“ಆಕಿ ಕರಡಿನಾಗಿನ ಗಣಿತ ನಂದು, ಪೀರಪ್ಪ. ಮರೆಪ್ಪ ಹಿಡಿದ ತಪ್ಪೂ ನಂದೇ. ಚರ್ಚಾ ಬೆಳೆದಿದ್ರ ನನ್ನ ಹೆಸರು ಹೊರಗ ಬರ್ತಿತ್ತು. ಈ ವಯಸ್ಸಿನಾಗ…”

“ಆಕೀನ ಒಂದು ಮಾತು ಕೇಳಬಹುದಿತ್ತಲ್ರೀ.”

“ಕೇಳಿದ್ರ ಹೇಳಬೇಕಾಗ್ತಿತ್ತು.”

“ಆ ತಪ್ಪು ಆಕಿಗೂ ಕಂಡಿತ್ರೀ ಸರ್. ತವರಿನಾಗ ಕೂತು ತಿದ್ಯಾಳ. ನಿಮಗ ತೋರಿಸಿ ಕಳಿಸಬೇಕಂತ ಬಂದಿದ್ಲು.”



* * *

ಶುಕ್ರವಾರ ಪೀರಪ್ಪ ಕಮಲಾಪುರಕ್ಕೆ ಹೋದ. ಜಯದೇವಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೆಂಬಾಳೆಯ ಬುಟ್ಟಿ ಇಟ್ಟುಕೊಂಡ ಹೆಂಗಸರು.

“ಸಂಜಿ ತನಕ ಟೈಮ್ ಅದ. ಇನಾಯತ್‌ನ ಕೆಫೆಗಿ ಬಂದು ಮೋಸ ಆಗ್ಯಾದ ಅಂತ ಸಮಿತಿಗಿ ಒಂದು ಸಾಲು ಬರಿ.”

“ಮೋಸ ಮಾಡಿದವರು ಯಾರು ಅಂತ ಕೇಳ್ತಾರಣ್ಣ.”

“ಹೇಳು.”

ಕಲಬುರಗಿ ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಕೂಗಿದ. ಬುಟ್ಟಿಗಳೆಲ್ಲ ಹತ್ತಿದವು. ಪೀರಪ್ಪ ಎದ್ದು ನಿಂತ. ಅವಳು ಏಳಲಿಲ್ಲ.

ಸಂಜೆಯಾಯಿತು. ಯಾರೂ ಆಕ್ಷೇಪಿಸಲಿಲ್ಲ. ಸಮಿತಿಯ ಲೆಕ್ಕದಲ್ಲಿ ಜಯದೇವಿಯೂ ಒಪ್ಪಿದ್ದಳು.