ಕಾರಣ ಬರೆಯದ ಪತ್ರ

ಉದ್ದನೆಯ ಮೇಜಿನ ಆಚೆ ಬದಿಯಲ್ಲಿ, ತನ್ನ ರಾಯಭಾರಿಯ ಪಕ್ಕದ ಕುರ್ಚಿಯಲ್ಲಿ ಅವನು ಕೂತಿದ್ದ. ಈಚೆ ಬದಿಯಲ್ಲಿ ಅವಳು.

ಅವಳು ವಿದೇಶಾಂಗ ಕಚೇರಿಯ ಅನುವಾದಕಿ. ಯಾವ ಪದ ಕೇಳಿದರೂ ಥಟ್ಟನೆ ಅರ್ಥ ಹೇಳುತ್ತಾಳೆಂದು ಕಚೇರಿಯವರೆಲ್ಲ 'ನಿಘಂಟು' ಎಂದೇ ಕರೆಯುತ್ತಿದ್ದರು. ಅವನು ಪಕ್ಕದ ದೇಶದ ರಾಯಭಾರ ಕಚೇರಿಯ ಕಾರ್ಯದರ್ಶಿ. ಒಂದು ವರ್ಷದಿಂದ ಇಬ್ಬರೂ ಯಾರಿಗೂ ತಿಳಿಯದಂತೆ ಪ್ರೀತಿಸುತ್ತಿದ್ದರು. ಆದರೆ ಕಳೆದ ಭಾನುವಾರ, ಮದುವೆಯ ಮಾತಾಡಲು ಅವಳ ಅಮ್ಮನ ಹತ್ತಿರ ಬರುತ್ತೇನೆಂದವನು ಬಂದಿರಲಿಲ್ಲ. ಫೋನೂ ಎತ್ತಿರಲಿಲ್ಲ.

ಅವಳ ಮೇಲಧಿಕಾರಿ ಒಂದು ಪುಟದ ಪತ್ರ ಓದತೊಡಗಿದರು. ಅವಳು ಸಾಲುಸಾಲಾಗಿ ಅನುವಾದಿಸಬೇಕು. ಮೂರನೆಯ ಸಾಲಿನಲ್ಲಿ ಅವನ ಹೆಸರಿತ್ತು! ಅದರ ಮುಂದೆ... 'ಪರ್ಸೋನಾ ನಾನ್ ಗ್ರಾಟಾ'.

ಲ್ಯಾಟಿನ್ ಮಾತು. ಬೇಡವಾದ ವ್ಯಕ್ತಿ ಎಂದರ್ಥ. ಒಂದು ದೇಶ ಇನ್ನೊಂದು ದೇಶದ ಅಧಿಕಾರಿಗೆ ಹೀಗೆಂದರೆ ಅವನು ಗಂಟುಮೂಟೆ ಕಟ್ಟಲೇಬೇಕು. ಏಕೆ ಎಂದು ಹೇಳಬೇಕಾದ ಕಟ್ಟುಪಾಡೂ ಇಲ್ಲ. ಆ ಲ್ಯಾಟಿನ್ ಮಾತನ್ನು ಯಾರೂ ಅನುವಾದಿಸುವುದಿಲ್ಲ, ಹಾಗೇ ಬಿಡುತ್ತಾರೆ. ನಮ್ಮ ನಿಘಂಟೂ ಹಾಗೇ ಬಿಟ್ಟಳು. ಎಪ್ಪತ್ತೆರಡು ಗಂಟೆಯೊಳಗೆ ದೇಶ ಬಿಡಬೇಕು ಎಂಬುದನ್ನು ಮಾತ್ರ ಅವನ ಭಾಷೆಯಲ್ಲಿ ಅವನಿಗೇ ಹೇಳಬೇಕಾಯಿತು. ಅವನು ತಲೆ ಎತ್ತಲಿಲ್ಲ.

ಸಭೆ ಮುಗಿದ ಮೇಲೆ ಮೇಲಧಿಕಾರಿ ನಿರಾಳವಾಗಿ ಮಾತಿಗಿಳಿದರು. ಪಕ್ಕದ ದೇಶದವರು ನಮ್ಮವನೊಬ್ಬನನ್ನು ಹೊರಹಾಕಿದ್ದರಿಂದ ನಾವೂ ಅವರ ಒಬ್ಬನನ್ನು ಹೊರಹಾಕಬೇಕಿತ್ತಂತೆ. ಹೀಗೆ ಮುಯ್ಯಿ ತೀರಿಸುವಾಗ, ಯಾರು ಹೋದರೆ ನಿಮಗೆ ಹೆಚ್ಚು ತೊಂದರೆಯಿಲ್ಲ ಎಂದು ಆ ಕಡೆಯವರನ್ನೇ ಗುಟ್ಟಾಗಿ ಕೇಳುವುದು ಈ ಎರಡು ಕಚೇರಿಗಳ ಹಳೆಯ ರೂಢಿ.

"ಈ ಸಲ ಕಷ್ಟವೇ ಆಗ್ಲಿಲ್ಲಮ್ಮ. ನನ್ನ ಹೆಸರು ಹಾಕಿ ಅಂತ ಆತನೇ ಕೇಳ್ಕೊಂಡನಂತೆ."

ಅವಳು ಪತ್ರದ ಮೂರನೆಯ ಸಾಲನ್ನು ಮತ್ತೆ ಓದಿದಳು. 'ಅವನೇ ಕೇಳಿದನೇ? ಹಾಗಾದರೆ ಬೇಡವಾಗಿರುವುದು ನಾನು...'

ಸಂಜೆ ಅವಳು ನೇರ ಅವನ ಮನೆಗೆ ಹೋದಳು. ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದವನು ಅವಳನ್ನು ಕಂಡು ಎದ್ದು ನಿಂತ. ಕೂರು ಎಂದ, ಅವಳು ಕೂರಲಿಲ್ಲ.

"ಮದುವೆ ಬೇಡ ಅನ್ನೋಕೆ ಎರಡು ಸರ್ಕಾರ ಬೇಕಿತ್ತಾ ನಿನಗೆ?"

ಅವನು ತಡವರಿಸುತ್ತಾ ಎಲ್ಲವನ್ನೂ ಹೇಳಿದ. ಅವನ ಕಚೇರಿಯ ಯಾರೋ ಅವರಿಬ್ಬರನ್ನು ಒಟ್ಟಿಗೆ ನೋಡಿದ್ದರು. ಪರದೇಶದ ಅಧಿಕಾರಿಯೊಡನೆ ಸ್ನೇಹವಿದ್ದರೆ ಅವಳು ಕಚೇರಿಗೆ ಬರೆದು ತಿಳಿಸಬೇಕೆಂಬ ನಿಯಮವಿತ್ತು. ಅವಳು ತಿಳಿಸಿರಲಿಲ್ಲ. ಅವನು ಇಲ್ಲೇ ಇದ್ದರೆ ಇಂದಲ್ಲ ನಾಳೆ ಸುದ್ದಿ ಅವಳ ಕಚೇರಿಗೂ ಮುಟ್ಟುತ್ತಿತ್ತು. ವಿಚಾರಣೆ ಶುರುವಾದರೆ ಅವಳ ಕೆಲಸ ಹೋಗುತ್ತಿತ್ತು, ಬೇಹುಗಾರ್ತಿಯೆಂಬ ಕಳಂಕವೂ ಅಂಟುತ್ತಿತ್ತು. ಈ ಪತ್ರದ ಮೂಲಕ ಹೋದರೆ ಯಾರೂ ಕಾರಣ ಬರೆಯಬೇಕಿಲ್ಲ, ಅವಳ ಹೆಸರು ಎಲ್ಲೂ ಬರುವುದಿಲ್ಲ...

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು. ನನ್ನ ಬದುಕಿನ ತೀರ್ಮಾನ ಎಲ್ಲರಿಗೂ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಓಡಿಹೋಗಿದ್ರೂ ಇಷ್ಟು ನೋವಾಗ್ತಿರ್ಲಿಲ್ಲ ಕಣೋ."

ಅವನ ಉತ್ತರಕ್ಕೂ ಕಾಯದೆ ಅವಳು ಮೆಟ್ಟಿಲಿಳಿದು ಹೋದಳು.

ಮರುದಿನ ಮಧ್ಯಾಹ್ನ ಅವನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಅವಳೇ! ಬೆಳಿಗ್ಗೆ ಮೇಲಧಿಕಾರಿಯ ಮುಂದೆ ಒಂದು ವರ್ಷದ ಕಥೆಯನ್ನೆಲ್ಲ ಬರೆದುಕೊಟ್ಟೆನೆಂದಳು. ಅವರು ಅದನ್ನು ಓದಿ ಮಡಿಸಿಟ್ಟರಂತೆ. ರಾಜೀನಾಮೆಯನ್ನೂ ಬರೆದುಬಿಡು, ಮರ್ಯಾದೆಯಾಗಿ ಹೋಗುವೆ ಎಂದರಂತೆ. ಅದನ್ನೂ ಬರೆದುಕೊಟ್ಟು ಬಂದಿದ್ದಳು.

ಅವನು ತಲೆಯ ಮೇಲೆ ಕೈಹೊತ್ತು ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ಯಾವುದನ್ನು ಉಳಿಸಲು ಹೋಗಿದ್ದನೋ ಅದೇ ಹೋಗಿತ್ತು.

"ಯಾಕೆ ಹೀಗ್ಮಾಡ್ದೆ?"

"ನಾನು ಕದ್ದು ಪ್ರೀತಿಸಿದ್ದು ಸಾಕು ಅನ್ನಿಸ್ತು. ನೀನು ಇಲ್ಲಿಗೆ ವಾಪಸ್ ಬರೋ ಹಾಗಿಲ್ಲ. ಬರೋ ತಿಂಗಳು ನಾನು ಅಲ್ಲಿಗೆ ಬರ್ತೀನಿ. ಇದು ನನ್ನ ತೀರ್ಮಾನ, ನಿನಗೆ ಮೊದಲೇ ಹೇಳ್ತಿದೀನಿ ನೋಡು."

ಅವನು ಎದ್ದು ಬಂದು, ಹಿಡಿಯಲೋ ಬೇಡವೋ ಎಂಬಂತೆ ಕೈ ಚಾಚಿದ. ಅವಳೇ ಹಿಡಿದುಕೊಂಡಳು.

"ಹಾಗಾದ್ರೆ... ಕ್ಷಮಿಸಿದ್ಯಾ?"

"ಇಲ್ಲ."

"ಎಷ್ಟು ದಿನ ಬೇಕು?"

ಅವಳು ಅವನ ಎದೆಗೆ ಹಣೆಯಿಟ್ಟಳು.

"ಗೊತ್ತಿಲ್ಲ ಕಣೋ. ಜೊತೇಲಿದ್ದೇ ನೋಡ್ಬೇಕು."