ಕಾಗೆ ಮುಟ್ಟದ ಎಡೆ

ಮಚ್ಚು ನನ್ನ ಕಿವಿಯ ಪಕ್ಕದಲ್ಲೇ ಹಾದು ಹುಣಸೆ ಮರಕ್ಕೆ ಕಚ್ಚಿಕೊಂಡಿತು!

ಕಿತ್ತುಕೊಳ್ಳಲು ಅವನಿಗೆ ಪುರುಸೊತ್ತು ಕೊಡಲಿಲ್ಲ. ಮೊಣಕಾಲಿಗೆ ಲಾಠಿ ಬೀಸಿದೆ. ಬಿದ್ದ.

"ಯಾರ್ಲಾ ಕಳ್ಸಿದ್ದು? ಅಂಬರೀಶನಾ?"

"ಹೂಂ ಮೇಡಂ... ಬೈರೇಶನ್ನ ಮುಗ್ಸೋಕೆ... ಉಳಿದೋರು ಬೊಲೆರೋದಲ್ಲಿ ಬರ್ತಾವ್ರೆ..."

ಅವನದೇ ಬೆಲ್ಟಿನಲ್ಲಿ ಅವನನ್ನು ಮರಕ್ಕೆ ಬಿಗಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಬೇಡಿ. ಅದು ಬೇರೆಯವನಿಗೆ ಮೀಸಲು.

ನಾನು ಪವಿತ್ರ, ಕ್ರೈಂ ಸ್ಕ್ವಾಡಿನ ಸಬ್ ಇನ್ಸ್‌ಪೆಕ್ಟರ್. ನನಗೆ ಕಸುಬು ಕಲಿಸಿದ ಮುನಿವೆಂಕಟಪ್ಪ ಸಾಹೇಬರು ನಲ್ಲೂರು ತೋಪಿನ ಪಕ್ಕ, ತಮ್ಮದೇ ಹೊಲದಲ್ಲಿ ಮಣ್ಣಾಗಿ ಇವತ್ತಿಗೆ ಮೂರು ದಿನ. ಮಣ್ಣಿಗೆ ಹಾಲುತುಪ್ಪ ಬಿಟ್ಟು ಎಡೆ ಇಡುವ ದಿನ.

"ಕಳ್ಳ ಊರು ಬಿಡ್ತಾನೆ, ಹೆಂಡ್ತಿ ಬಿಡ್ತಾನೆ... ಅಪ್ಪನ ಎಡೆ ಬಿಡಲ್ಲ ಕಣಮ್ಮ!"

ಸಾಹೇಬರ ಸರ್ವೀಸಿನ ಗುಟ್ಟು ಅಷ್ಟೇ. ಪಿತೃಪಕ್ಷ ಬಂತೆಂದರೆ ತಲೆಮರೆಸಿಕೊಂಡವನ ಹಿತ್ತಲಲ್ಲಿ ಹೋಗಿ ಕೂರುತ್ತಿದ್ದರು. ಅವನು ಎಡೆ ಇಟ್ಟು, ಉಂಡು, ಕೈ ತೊಳೆಯುವವರೆಗೂ ಕಾಯುತ್ತಿದ್ದರು. ಆಮೇಲೆ ಬೇಡಿ!

ಅದೇ ಮನುಷ್ಯ ಮನೆಗೆ ಬಂದರೆ ಟೋಪಿ, ಬೆಲ್ಟು ದನದ ಕೊಟ್ಟಿಗೆಯಲ್ಲೇ ಕಳಚಿಡುತ್ತಿದ್ದರು. ಮಗನ ತಲೆಗೆ ತಾವೇ ಎಣ್ಣೆ ತಿಕ್ಕುತ್ತಿದ್ದರು. "ಎಲ್ರುದೂ ಊಟ ಆಯ್ತಾ?" ಎಂದು ಕೇಳದೆ ತಟ್ಟೆಗೆ ಕೈ ಹಾಕಿದವರಲ್ಲ. ನನ್ನನ್ನೂ ಕೇಳುತ್ತಿದ್ದರು.

ಆ ಮಗನೇ ಬೈರೇಶ. ಲ್ಯಾಂಡ್ ಬ್ರೋಕರ್ ಅಂಬರೀಶನ ಡ್ರೈವರ್. ಅಂಬರೀಶ ಒಬ್ಬ ರೈತನನ್ನು ಕೊಂದದ್ದನ್ನು ಕಣ್ಣಾರೆ ಕಂಡು, ಕಾರು ಬಿಟ್ಟು ಓಡಿದ್ದ. ಕೇಸಿನಲ್ಲಿ ಅವನೂ ಆರೋಪಿ. ನಮಗೆ ಬೇಕಿದ್ದ. ಅಂಬರೀಶನಿಗೂ ಬೇಕಿದ್ದ... ಹೆಣವಾಗಿ!

ಸಾಯುವ ಮುನ್ನ ಆಸ್ಪತ್ರೆಯಲ್ಲಿ ಸಾಹೇಬರು ನನ್ನ ಕೈ ಗಟ್ಟಿಯಾಗಿ ಹಿಡಿದು ಹೇಳಿದ್ದರು.

"ಹಾಲುತುಪ್ಪಕ್ಕೆ ಬಂದೇ ಬರ್ತಾನೆ. ಅವ್ರ ಕೈಗೆ ಕೊಡ್ಬೇಡ. ಲಾಕಪ್ಪಲ್ಲಾದ್ರೂ ನನ್ ಮಗ ಬದುಕಿರ್ಲಿ ಕಣಮ್ಮ."

ಬಂದ! ಮುಖಕ್ಕೆ ಟವಲು ಸುತ್ತಿಕೊಂಡು, ಬದುವಿನ ಮೇಲೆ ಬಂದ. ಮಣ್ಣಿನ ಮೇಲೆ ಹಾಲು ಬಿಟ್ಟ, ತುಪ್ಪ ಬಿಟ್ಟ. ಎಲೆಯಲ್ಲಿ ಮುದ್ದೆ, ಬಸ್ಸಾರು, ಸಾಹೇಬರ ಬೀಡಿ. ಕಾಗೆ ಬಂದು ಮುಟ್ಟಲೆಂದು ನೆಂಟರು, ನಾನು, ಎಲ್ಲರೂ ಹಿಂದೆ ಸರಿದೆವು.

ಕಾಗೆ ಬಂತು. ಕೊಂಬೆಯ ಮೇಲೆ ಕೂತಿತು. ಕೆಳಗಿಳಿಯಲಿಲ್ಲ!

ತಲೆಯ ಮೇಲೆ ಒಂದು ವಿಮಾನ ಹೋಯಿತು. ಇನ್ನೊಂದು ಹೋಯಿತು. ಕಾಗೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಷ್ಟರಲ್ಲಿ ದಾರಿಯಲ್ಲಿ ಧೂಳು... ಬೊಲೆರೋ!

"ಬೈರೇಶ! ಜೀಪ್ ಹತ್ತೋ!"

"ಕಾಗೆ ಮುಟ್ಲಿ ಅಕ್ಕಾ! ಅಪ್ಪನ್ನ ಉಪಾಸ ಬಿಟ್ ಬರಲ್ಲ!"

"ಲೇ, ನಿನ್ ಎಡೆನೂ ಇಲ್ಲೇ ಇಡ್ಬೇಕಾಯ್ತದೆ ಕಣೋ!"

ಅಲ್ಲಾಡಲಿಲ್ಲ. ಅಪ್ಪನ ಹಾಗೇ ಮೊಂಡ. ಅವನ ತಾಯಿ ನರಸಮ್ಮ ಕೊಂಬೆಗೆ ಕೈಮುಗಿದು ಕೂಗಿದರು.

"ಏನಾಸೆ ಉಳ್ಕಂತು ನಿಮ್ಗೆ? ಯಾಕಿಂಗೆ ಕಾಡ್ತೀರಾ? ಹೇಳಿ, ನಡೆಸ್ಕೊಡ್ತೀವಿ!"

ನನಗೆ ಆಗ ಹೊಳೆಯಿತು. ಬೈರೇಶನ ಬಲಗೈ ಎಳೆದು ಬೇಡಿ ತೊಡಿಸಿದೆ. ಅದರ ಇನ್ನೊಂದು ತುದಿಯನ್ನು ನನ್ನ ಎಡಗೈಗೆ ಹಾಕಿಕೊಂಡೆ. ಎರಡೂ ಕೈ ಮೇಲೆತ್ತಿ ತೋರಿಸಿದೆ.

"ಸಾರ್! ನಿಮ್ ಮಗ ನನ್ ಕಸ್ಟಡಿಲಿ ಅವ್ನೆ! ಅವ್ನ್ ಮೇಲೆ ಏಟು ಬೀಳ್ಬೇಕಾದ್ರೆ ಮೊದ್ಲು ನನ್ ಮೇಲೆ ಬೀಳ್ಬೇಕು. ಇನ್ನಾದ್ರೂ ಉಣ್ಣಿ!"

ಕಾಗೆ ಸರ್ರನೆ ಇಳಿದು ಮುದ್ದೆಗೆ ಕೊಕ್ಕು ಹಾಕಿತು.

ಓಡಿದೆವು! ಡ್ರೈವರ್ ಮುನಿರಾಮಯ್ಯ ದಾರಿ ಬಿಟ್ಟು ಹೊಲಕ್ಕೇ ಜೀಪು ನುಗ್ಗಿಸಿದ. ಬೊಲೆರೋ ಅಡ್ಡ ಹಾಕಲು ಹೋಗಿ, ನೀರು ಕಟ್ಟಿದ್ದ ಹಿಪ್ಪುನೇರಳೆ ತೋಟದಲ್ಲಿ ಹೂತುಕೊಂಡಿತು.

ಹೈವೇ ಸಿಕ್ಕ ಮೇಲೆ, ಬೊಲೆರೋದವರನ್ನೂ ಮರಕ್ಕೆ ಬಿಗಿದವನನ್ನೂ ಹಿಡಿದು ತರಲು ವೈರ್‌ಲೆಸ್ಸಿನಲ್ಲಿ ಹೇಳಿದೆ.

"ಊಟ ಆಯ್ತೇನೋ?"

"ಇಲ್ಲ ಅಕ್ಕಾ..." ಬೈರೇಶ ಗೊಳೋ ಎಂದು ಅತ್ತ.

ಸಾಹೇಬರು ಊಟವಾದ ಮೇಲೆ ಬೇಡಿ ಹಾಕುತ್ತಿದ್ದರು. ನಾನು ಉಲ್ಟಾ ಮಾಡಿದ್ದೆ. ಹೋಟೆಲಿನಿಂದ ಮುದ್ದೆ ತರಿಸಿದೆ. ಅವನ ಬಲಗೈ ನನ್ನ ಜೊತೆ ಬೇಡಿಯಲ್ಲಿತ್ತಲ್ಲ... ತುತ್ತು ನಾನೇ ಇಟ್ಟೆ.

ಸ್ಟೇಷನ್ನಿನಲ್ಲಿ ರೈಟರ್ ಪೆನ್ನು ಹಿಡಿದು ಕೇಳಿದ.

"ಇನ್‌ಫರ್ಮೇಷನ್ ಕೊಟ್ಟಿದ್ಯಾರು ಮೇಡಂ?"

"ಮುನಿವೆಂಕಟಪ್ಪ ಸಾಹೇಬ್ರು."

"ಅವ್ರು ತೀರ್ಕೊಂಡ್ರಲ್ಲ?"

"ಹೂಂ. ಡ್ಯೂಟಿ ಮುಗಿದಿದ್ದು ಮಾತ್ರ ಇವತ್ತು!"